ಶಿನ್‌ಗಾರ್ಡ್ ಇದೆ, ಹಲ್ಲಿಗೇನಿದೆ?

ವಲಯ ಮಟ್ಟ, ತಾಲ್ಲೂಕು ಮಟ್ಟ ಅಂತ ಶಾಲಾ ಕ್ರೀಡಾಕೂಟಗಳು ಶುರುವಾಗುವ ಹೊತ್ತಿಗೆ ಮಕ್ಕಳ ದಂತವೈದ್ಯರ ಬಳಿ ಮುರಿದ ಮುಂಭಾಗದ ಹಲ್ಲುಗಳೂ ಬರತೊಡಗುತ್ತವೆ. ಈ ಸಲದ ಪತ್ರಗಳೂ ಹೆಚ್ಚಾಗಿ ಅವುಗಳ ಬಗ್ಗೆಯೇ ಇವೆ. ಹಾಗಾಗಿ ಹುಳುಕು, ಪೇಸ್ಟು, ಬ್ರಷ್ಷುಗಳ ಪ್ರಶ್ನೆಗಳನ್ನು ಮುಂದಿನ ಕಂತಿಗೆ ಇಟ್ಟುಕೊಂಡು ಇವತ್ತು ಆಟದ ಮೈದಾನದ ಹಲ್ಲುಗಳನ್ನಷ್ಟೇ ನೋಡೋಣ.

ನನ್ನ ಮಗಳಿಗೆ ಒಂಬತ್ತು ವರ್ಷ. ಈ ವರ್ಷ ಹಾಕಿ ಕ್ಯಾಂಪಿಗೆ ಸೇರಿಸಿದ್ದೇವೆ. ಕೋಚ್ ಶಿನ್‌ಗಾರ್ಡ್ ಜೊತೆಗೆ ಮೌತ್‌ಗಾರ್ಡ್ ಕೂಡ ತನ್ನಿ ಅಂದಿದ್ದಾರೆ. ಅವಳ ಬಾಯಲ್ಲಿ ಇನ್ನೂ ಅರ್ಧ ಹಾಲುಹಲ್ಲು, ಅರ್ಧ ಹೊಸ ಹಲ್ಲು. ಮುಂದಿನ ಹಲ್ಲುಗಳು ಸ್ವಲ್ಪ ಉಬ್ಬು ಬೇರೆ. ಎಲ್ಲ ಹಲ್ಲು ಬಂದು ನಿಂತ ಮೇಲೆ ಮಾಡಿಸಿದರೆ ಸಾಲದೆ?
— ಗೃಹಿಣಿ, ಪೊನ್ನಂಪೇಟೆ

ಕಾಯಬೇಡಿ ತಾಯಿ. ಎಲ್ಲ ಹಲ್ಲು ಬಂದು ನಿಲ್ಲುವುದಕ್ಕೆ ಹನ್ನೆರಡು, ಹದಿಮೂರು ವರ್ಷವಾಗುತ್ತದೆ. ಪೆಟ್ಟು ತಿನ್ನುವ ಹಲ್ಲುಗಳು ಮಾತ್ರ ಈಗಾಗಲೇ ಬಂದಾಗಿದೆ. ಮೇಲಿನ ದವಡೆಯ ನಡುವಿನ ಎರಡು ಹಲ್ಲು ಏಳರ ಆಸುಪಾಸಿನಲ್ಲಿ ಹುಟ್ಟುತ್ತವೆ, ಅವುಗಳ ಪಕ್ಕದವು ಎಂಟರಲ್ಲಿ. ಆಟದಲ್ಲಿ ಏಟು ಬಿದ್ದಾಗ ಹೆಚ್ಚಿನ ಸಲ ಮುರಿಯುವುದು ಆ ನಡುವಿನ ಎರಡೇ.

ಈ ವಯಸ್ಸಿನ ಹಲ್ಲಿನ ವಿಷಯದಲ್ಲಿ ತಂದೆತಾಯಿ ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ಹಲ್ಲು ವಸಡಿನಿಂದ ಹೊರಗೆ ಬಂದ ದಿನ ಅದರ ಬೇರು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ತುದಿ ತೆರೆದಿರುತ್ತದೆ, ಗೋಡೆ ತೆಳುವಾಗಿರುತ್ತದೆ. ಅದು ಮುಚ್ಚಿಕೊಳ್ಳಲು ಮತ್ತೆ ಸುಮಾರು ಮೂರು ವರ್ಷ ಬೇಕು. ಅಷ್ಟರೊಳಗೆ ಜೋರಾದ ಏಟು ಬಿದ್ದು ಒಳಗಿನ ನರ, ರಕ್ತನಾಳ ಸತ್ತರೆ ಬೇರಿನ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಆ ಹಲ್ಲನ್ನು ಉಳಿಸಿಕೊಳ್ಳುವುದು ನಮಗೂ ಕಷ್ಟ, ಮಗುವಿಗೂ ಕಷ್ಟ.

ಹೋದರೆ ಹೋಗಲಿ, ಇಂಪ್ಲಾಂಟ್ ಹಾಕಿಸಿದರಾಯಿತು ಎಂದು ಅನೇಕರು ಹೇಳುತ್ತಾರೆ. ಮಕ್ಕಳಿಗೆ ಇಂಪ್ಲಾಂಟ್ ಹಾಕುವಂತಿಲ್ಲ. ದವಡೆ ಬೆಳೆಯುತ್ತಲೇ ಇರುತ್ತದೆ, ಅಕ್ಕಪಕ್ಕದ ಹಲ್ಲುಗಳು ಅದರ ಜೊತೆ ಸರಿಯುತ್ತವೆ, ಇಂಪ್ಲಾಂಟ್ ಮಾತ್ರ ಇದ್ದಲ್ಲೇ ಇರುತ್ತದೆ. ಬೆಳೆಯುವ ಮರಕ್ಕೆ ಹೊಡೆದ ಮೊಳೆ ವರ್ಷ ಕಳೆದಂತೆ ತೊಗಟೆಯೊಳಗೆ ಹುದುಗಿಹೋಗುವ ಹಾಗೆ ಅದು ಸಾಲಿನಿಂದ ಹಿಂದೆ ಉಳಿದುಬಿಡುತ್ತದೆ. ಹದಿನೆಂಟು ದಾಟಿ ದವಡೆಯ ಬೆಳವಣಿಗೆ ನಿಂತಿದೆ ಎಂದು ಖಚಿತವಾಗುವವರೆಗೆ ತೆಗೆದುಹಾಕುವ ತಟ್ಟೆಹಲ್ಲೋ ಅಂಟಿಸಿದ ಹಲ್ಲೋ ಗತಿ. ಒಂಬತ್ತರಲ್ಲಿ ಹೋದ ಹಲ್ಲಿಗೆ ಒಂಬತ್ತು ಹತ್ತು ವರ್ಷ ಕಾಯಬೇಕು. ಅದೂ ಕನ್ನಡಿ ಮುಂದೆ ಅತಿ ಹೆಚ್ಚು ನಿಲ್ಲುವ ವಯಸ್ಸಿನಲ್ಲಿ!

ಉಬ್ಬುಹಲ್ಲಿನ ಮಾತಿಗೆ ಬಂದರೆ, ಅದು ಗಾರ್ಡ್ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ. ಮೇಲಿನ ಹಲ್ಲು ಮುಂದಕ್ಕಿದ್ದು ತುಟಿ ಪೂರ್ತಿ ಮುಚ್ಚದಿದ್ದರೆ ಏಟನ್ನು ಮೊದಲು ತಡೆಯುವ ತುಟಿಯೇ ಅಲ್ಲಿರುವುದಿಲ್ಲ. ಹಾಕಿ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ, ಹೆಚ್ಚುಕಡಿಮೆ ಕ್ರಿಕೆಟ್ಟಿನ ಲೆದರ್ ಬಾಲಿನಷ್ಟೇ. ಚೆಂಡಿಗಿಂತ ಸ್ಟಿಕ್ ಇನ್ನೂ ಅಪಾಯ. ಮೈದಾನದ ಆಟಗಾರರು ಕಾಲಿನ ರಕ್ಷಣೆಯ ಜೊತೆ ಬಾಯಿಯ ರಕ್ಷಣೆಯನ್ನೂ ಧರಿಸುವುದು ಒಳ್ಳೆಯದು ಎಂದು ಅಂತರರಾಷ್ಟ್ರೀಯ ಹಾಕಿ ನಿಯಮಪುಸ್ತಕವೇ ಶಿಫಾರಸು ಮಾಡುತ್ತದೆ. ನಿಮ್ಮ ಕೋಚ್ ಹೊಸದೇನೂ ಹೇಳಿಲ್ಲ. 1997ರಿಂದ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಸಿಕೊಂಡು ಬಂದ ನೆಲ ನಿಮ್ಮದು. ಮಕ್ಕಳ ಕೈಗೆ ಅಷ್ಟು ಬೇಗ ಸ್ಟಿಕ್ ಕೊಡುವ ಜಿಲ್ಲೆಯಲ್ಲಿ ಬಾಯಿಗೆ ಗಾರ್ಡೂ ಅಷ್ಟೇ ಬೇಗ ಬರಬೇಕು.

ಹಲ್ಲುಗಳು ಇನ್ನೂ ಬರುತ್ತಿರುವಾಗ ಮಾಡಿಸಿದ ಗಾರ್ಡ್ ಬಹಳ ದಿನ ಬಾಳುವುದಿಲ್ಲ ಎನ್ನುವ ನಿಮ್ಮ ಅಂದಾಜು ಸರಿ. ಆರು ತಿಂಗಳಿಗೋ ವರ್ಷಕ್ಕೋ ಬದಲಿಸಬೇಕಾಗಬಹುದು. ಅಚ್ಚು ತೆಗೆದು ಮಾಡಿಸುವುದಾದರೆ ‘ಇವಳಿಗೆ ಹಲ್ಲು ಬರುತ್ತಿದೆ, ಜಾಗ ಬಿಟ್ಟು ಮಾಡಿ’ ಎಂದು ಹೇಳಿ. ಬರುವ ಹಲ್ಲಿನ ಜಾಗವನ್ನು ಅಚ್ಚಿನ ಮೇಲೆಯೇ ತುಂಬಿಸಿ ಗಾರ್ಡ್ ಇಳಿಸುತ್ತಾರೆ. ನಿಮಗೆ ವಿರಾಜಪೇಟೆಯ ಡೆಂಟಲ್ ಕಾಲೇಜು ಹತ್ತಿರವಿದೆ. ಅಲ್ಲಿ ಮಕ್ಕಳ ದಂತವಿಭಾಗದಲ್ಲಿ ವಿಚಾರಿಸಿ.

ನಾವೂ ಸಣ್ಣವರಿದ್ದಾಗ ಗರಡಿ, ಕಬಡ್ಡಿ, ಚಿಣಿಫಣಿ ಎಲ್ಲಾ ಆಡೇವ್ರಿ. ಯಾರ ಬಾಯಾಗೂ ರಬ್ಬರ್ ಇರಲಿಲ್ಲ. ಈಗ ಹೆಲ್ಮೆಟ್ಟು, ಪ್ಯಾಡು, ಅದರ ಮ್ಯಾಲೆ ಇದೊಂದು. ನೇರ ಕೇಳತೇನಿ, ಇದು ನಿಮ್ಮ ವ್ಯಾಪಾರ ಅಲ್ಲೇನ್ರಿ?
— ಬಟ್ಟೆ ವ್ಯಾಪಾರಿ, ಹುಬ್ಬಳ್ಳಿ

ವ್ಯಾಪಾರಸ್ಥರಿಂದಲೇ ಈ ಪ್ರಶ್ನೆ ಬಂದದ್ದು ಖುಷಿ! ಲೆಕ್ಕದ ಮಾತಾಡೋಣ. ಮೌತ್‌ಗಾರ್ಡ್ ಒಂದರಿಂದ ದಂತವೈದ್ಯನಿಗೆ ಬರುವುದಕ್ಕಿಂತ ಮುರಿದ ಹಲ್ಲೊಂದರಿಂದ ಬರುವುದು ಬಹಳ ಜಾಸ್ತಿ. ರೂಟ್ ಕೆನಾಲ್, ಮೇಲೊಂದು ಕ್ಯಾಪ್, ಕೆಲವು ವರ್ಷಕ್ಕೆ ಆ ಕ್ಯಾಪ್ ಬದಲಿ, ದೊಡ್ಡವನಾದ ಮೇಲೆ ಇಂಪ್ಲಾಂಟ್. ವ್ಯಾಪಾರವೇ ಗುರಿಯಾಗಿದ್ದರೆ ನಾವು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆವು.

ಹಳೆಯ ಕಾಲದಲ್ಲಿ ಇದು ಇರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. 1890ರ ಸುಮಾರಿಗೆ ಲಂಡನ್ನಿನಲ್ಲಿ ವುಲ್ಫ್ ಕ್ರೌಸ್ ಎಂಬ ದಂತವೈದ್ಯ ಬಾಕ್ಸರ್‌ಗಳ ಮೇಲಿನ ಹಲ್ಲಿಗೆ ಗಟ್ಟಾಪರ್ಚಾ ಎಂಬ ಮರದ ರಬ್ಬರಿನ ಪಟ್ಟಿ ಕೂರಿಸುತ್ತಿದ್ದ. ತಮಾಷೆಯೆಂದರೆ ಇವತ್ತು ರೂಟ್ ಕೆನಾಲ್ ಮಾಡಿದ ಬೇರಿನೊಳಗೆ ನಾವು ತುಂಬುವುದೂ ಅದೇ ಗಟ್ಟಾಪರ್ಚಾ. ಅಮೆರಿಕದ ಹೈಸ್ಕೂಲು ಫುಟ್‌ಬಾಲಿನಲ್ಲಿ 1962ರಿಂದಲೇ ಇದು ಕಡ್ಡಾಯ. ನ್ಯೂಜಿಲೆಂಡಿನಲ್ಲಿ ರಗ್ಬಿ ಆಡುವವರಿಗೆ ತೊಂಬತ್ತರ ದಶಕದ ಕೊನೆಗೆ ಕಡ್ಡಾಯ ಮಾಡಿದರು. ಅಲ್ಲಿ ಗಾಯಗಳ ಖರ್ಚು ಭರಿಸುವುದು ಸರ್ಕಾರಿ ವಿಮೆಯಾದ್ದರಿಂದ ಲೆಕ್ಕ ಪಕ್ಕಾ ಸಿಗುತ್ತದೆ. 1995ರಿಂದ 2003ರ ನಡುವೆ ರಗ್ಬಿಯಿಂದಾದ ಹಲ್ಲಿನ ಗಾಯದ ಕ್ಲೇಮುಗಳು ಶೇ 43ರಷ್ಟು ಇಳಿದವು. ಬೇರೆ ಬೇರೆ ಆಟಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2007ರಲ್ಲಿ ಮಾಡಿದ ಪರಿಶೀಲನೆಯೊಂದು ಗಾರ್ಡ್ ಇಲ್ಲದವರಿಗೆ ಬಾಯಿ, ಮುಖದ ಗಾಯದ ಸಂಭವ 1.6ರಿಂದ 1.9 ಪಟ್ಟು ಎಂದಿತು. ಗಾರ್ಡ್ ಹಾಕಿದವರಿಗೆ ಗಾಯವೇ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದನ್ನು ನೀವು ವ್ಯಾಪಾರದ ಮಾತು ಅನ್ನಬಹುದು.

ಇನ್ನು ನಿಮ್ಮ ಬಾಲ್ಯದ ಗೆಳೆಯರನ್ನು ಒಮ್ಮೆ ಕೂಡಿಸಿ ನಗಿಸಿ ನೋಡಿ. ಮುಂದಿನ ಹಲ್ಲು ಚಕ್ಕೆ ಎದ್ದವರು, ಒಂದು ಹಲ್ಲು ಕಪ್ಪಗಾದವರು ಒಬ್ಬಿಬ್ಬರಾದರೂ ಸಿಗದೆ ಇರಲಿಕ್ಕಿಲ್ಲರೀ.

ಡಾಕ್ಟರ್ ಅಂಕಲ್, ನಾನು ಏಳನೇ ಕ್ಲಾಸು. ಅಕಾಡೆಮಿಯಲ್ಲಿ ವಿಕೆಟ್ ಕೀಪರ್. ಅಮ್ಮ ಮೌತ್‌ಗಾರ್ಡ್ ತಂದುಕೊಟ್ಟಿದ್ದಾರೆ. ಹಾಕಿಕೊಂಡರೆ ಫ್ರೆಂಡ್ಸ್ ‘ಮೈಕ್ ಟೈಸನ್’ ಅಂತ ರೇಗಿಸುತ್ತಾರೆ. ಹೆಲ್ಮೆಟ್ಟಿಗೆ ಗ್ರಿಲ್ ಇದೆಯಲ್ಲ, ಅದೇ ಸಾಕಲ್ವಾ?
— ಮೈಸೂರಿನ ವಿದ್ಯಾರ್ಥಿ

ಮರೀ, ಗ್ರಿಲ್ ಇರುವ ಹೆಲ್ಮೆಟ್ ಮೊದಲು, ಅದನ್ನು ನೀನು ಒಪ್ಪಿದ್ದೀಯಲ್ಲ, ಶಭಾಷ್. ಸ್ಪಿನ್ನರಿಗೆ ಸ್ಟಂಪ್ ಹತ್ತಿರ ನಿಂತಾಗ ಅದು ತಲೆ ಮೇಲಿದ್ದರೆ ಚೆಂಡು ನೇರ ಹಲ್ಲಿಗೆ ಬರುವುದು ಅಪರೂಪ. ಆದರೆ ಒಂದು ಕೇಳುತ್ತೇನೆ, ನಿಜ ಹೇಳು. ಕ್ಯಾಚಿಂಗ್ ಪ್ರಾಕ್ಟೀಸಿನಲ್ಲಿ, ಮ್ಯಾಚಿಗೆ ಮೊದಲು ಸುಮ್ಮನೆ ಚೆಂಡು ಎಸೆದಾಡುವಾಗ ಹೆಲ್ಮೆಟ್ ಎಲ್ಲಿರುತ್ತದೆ? ಕಿಟ್ ಬ್ಯಾಗಿನಲ್ಲಿ. ಹದಿಮೂರರೊಳಗಿನವರ ಚೆಂಡು 133ರಿಂದ 144 ಗ್ರಾಂ, ದೊಡ್ಡವರದ್ದಕ್ಕಿಂತ ಸ್ವಲ್ಪ ಹಗುರ. ಗಟ್ಟಿತನದಲ್ಲಿ ಏನೂ ಕಡಿಮೆ ಇಲ್ಲ. ಮಣ್ಣಿನಲ್ಲಿ ಪುಟಿದು ಗದ್ದಕ್ಕೆ ಬಡಿದರೆ ಕೆಳಗಿನ ಹಲ್ಲು ಮೇಲಿನ ಹಲ್ಲಿಗೆ ಅಪ್ಪಳಿಸುತ್ತದೆ. ಗಾರ್ಡ್ ಅವೆರಡರ ನಡುವೆ ಮೆತ್ತೆಯಾಗಿ ಕೂರುತ್ತದೆ. ನಾಲಗೆ, ಕೆನ್ನೆ ಹಲ್ಲಿಗೆ ಸಿಕ್ಕಿ ಹರಿಯುವುದನ್ನೂ ತಪ್ಪಿಸುತ್ತದೆ.

ಕುಂಬ್ಳೆ 2002ರಲ್ಲಿ ಆಂಟಿಗುವಾದಲ್ಲಿ ಮರ್ವಿನ್ ಡಿಲನ್ ಚೆಂಡಿಗೆ ದವಡೆ ಮುರಿದುಕೊಂಡು, ಮುಖಕ್ಕೆ ಬ್ಯಾಂಡೇಜು ಸುತ್ತಿಕೊಂಡು 14 ಓವರ್ ಹಾಕಿ ಲಾರಾ ವಿಕೆಟ್ ತೆಗೆದ ಕಥೆ ನಿನ್ನ ಕೋಚ್ ಹೇಳಿರುತ್ತಾರೆ. ಅಂಥ ಏಟಿನಲ್ಲಿ ದವಡೆಯನ್ನು ಗಾರ್ಡ್ ಉಳಿಸುತ್ತದೆ ಎಂದು ನಾನು ಹೇಳಲಾರೆ. ಆ ಬೌಲಿಂಗ್ ನೋಡಿ ಕಲಿ, ಆ ಬ್ಯಾಂಡೇಜು ಬೇಡ. ರೇಗಿಸುವ ಗೆಳೆಯರಿಗೆ ಏನೂ ಹೇಳಬೇಡ. ಬಣ್ಣಬಣ್ಣದ ಗಾರ್ಡ್ ಸಿಗುತ್ತವೆ. ನಿಮ್ಮ ಟೀಮಿನ ಬಣ್ಣದ್ದು ಹಾಕಿಕೊಂಡು ನೋಡು, ಎಲ್ಲಿ ಸಿಗುತ್ತೆ ಅಂತ ಅವರೇ ಕೇಳುತ್ತಾರೆ.

ಮಗ ಕರಾಟೆ ಕಲಿಯುತ್ತಿದ್ದಾನೆ. ಸ್ಪರ್ಧೆಗೆ ಗಮ್‌ಶೀಲ್ಡ್ ಕಡ್ಡಾಯವೆಂದು ಕ್ಲಾಸಿನಲ್ಲೇ ಒಂದು ಕೊಟ್ಟರು. ಬಾಯಿ ತೆರೆದರೆ ಬಿದ್ದುಹೋಗುತ್ತದೆ. ಅವನು ಹಲ್ಲು ಕಚ್ಚಿ ಹಿಡಿದುಕೊಂಡೇ ಆಡುತ್ತಾನೆ. ಪರವಾಗಿಲ್ಲವೇ?
— ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಪರವಾಗಿದೆ. ಕಚ್ಚಿ ಹಿಡಿಯಬೇಕಾದ ಗಾರ್ಡ್ ಗಾರ್ಡೇ ಅಲ್ಲ. ಏಟು ಬಿದ್ದಾಗ ಮೊದಲು ಬಾಯಿ ತೆರೆಯುತ್ತದೆ, ಗಾರ್ಡ್ ಹೊರಗೆ ಹಾರುತ್ತದೆ. ಇಲ್ಲವೇ ಗಂಟಲಿಗೆ ಸರಿಯುತ್ತದೆ. ನಿಮಗೆ ಕೊಟ್ಟಿರುವುದು ಅಂಗಡಿಯ ಸಿದ್ಧ ಅಳತೆಯದ್ದು. ನಿಯಮ ಪಾಲಿಸಿದಂತೆ ಕಾಣಲು ಅದು ಸಾಕು, ಹಲ್ಲಿಗೆ ಸಾಲದು.

ಅದಕ್ಕಿಂತ ಮೇಲಿನದು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿಸುವ ಬಗೆ. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಸರಿಯಾಗಿ ಕೂರಿಸಿದರೆ ಮಕ್ಕಳಿಗೆ ಕೆಲಸಕ್ಕೆ ಬರುತ್ತದೆ. ಕೂರಿಸುವ ಕೆಲಸ ಮಗುವಿನ ಕೈಗೆ ಬಿಡಬೇಡಿ. ಕುದಿಸಿದ ನೀರನ್ನು ಒಲೆಯಿಂದ ಇಳಿಸಿ, ಪೊಟ್ಟಣದ ಮೇಲೆ ಬರೆದಷ್ಟೇ ಸೆಕೆಂಡು ಅದ್ದಿ. ಕ್ಷಣಕಾಲ ತಣ್ಣೀರಿಗೆ ತೋರಿಸಿ, ಕನ್ನಡಿ ಮುಂದೆ ಮೇಲಿನ ಹಲ್ಲಿಗೆ ಕೂರಿಸಿ. ಹೊರಗಿನಿಂದ ತುಟಿ, ಕೆನ್ನೆಯ ಮೇಲೆ ಬೆರಳಿನಿಂದ ಒತ್ತಿ, ಒಳಗಿನಿಂದ ಅವನು ಚೀಪಿ ಹೀರಲಿ, ಮೆಲ್ಲಗೆ ಕಚ್ಚಲಿ. ಮೆಲ್ಲಗೆ ಅನ್ನುವುದು ಮುಖ್ಯ. ಜೋರಾಗಿ ಕಚ್ಚಿದರೆ ಏಟು ಬೀಳುವ ಜಾಗದಲ್ಲೇ ಅದು ಕಾಗದದಷ್ಟು ತೆಳುವಾಗುತ್ತದೆ. ಮೂರು ನಾಲ್ಕು ಮಿಲಿಮೀಟರ್ ದಪ್ಪ ಉಳಿಯಬೇಕು. ತಣಿದ ಮೇಲೆ ಬಾಯಿ ಅಗಲಿಸಿ ತಲೆ ಕೊಡವಲಿ. ಬೀಳದಿದ್ದರೆ, ಹೆಸರು ಹೇಳಲು ಬಂದರೆ, ಬಾಯಲ್ಲಿ ಉಸಿರಾಡಲು ಆದರೆ ಸರಿಯಾಗಿದೆ ಎಂದೇ ಅರ್ಥ.

ಎಲ್ಲಕ್ಕಿಂತ ಒಳ್ಳೆಯದು ದಂತವೈದ್ಯರು ಹಲ್ಲಿನ ಅಚ್ಚು ತೆಗೆದು, ಅದರ ಮೇಲೆ ಇವಿಎ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಬಿಸಿಮಾಡಿ ಎಳೆದು ಕೂರಿಸುವುದು. ಖರ್ಚು ಸಾವಿರಗಳಿಗೆ ಹೋಗುತ್ತದೆ. ನಿಮ್ಮ ಊರಿನಲ್ಲೇ ಡೆಂಟಲ್ ಕಾಲೇಜುಗಳಿವೆ, ಖಾಸಗಿ ಕ್ಲಿನಿಕ್ಕಿಗೆ ಹೋಗುವ ಮುನ್ನ ಅಲ್ಲಿ ದರ ಕೇಳಿ.

ನಾನು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕ. ನಮ್ಮ ಹುಡುಗರು ಕಬಡ್ಡಿಯಲ್ಲಿ ಜಿಲ್ಲಾ ಮಟ್ಟಕ್ಕೆ ಹೋಗುತ್ತಾರೆ. ಮಂಡಿ, ತಲೆ ತಾಗಿ ಹಲ್ಲು ಮುರಿದುಕೊಂಡವರಿದ್ದಾರೆ. ಗಾರ್ಡ್ ಹಾಕಿಸೋಣವೆಂದರೆ ಎರಡು ತೊಡಕು. ರೈಡರ್ ಉಸಿರು ಬಿಡದೆ ‘ಕಬಡ್ಡಿ ಕಬಡ್ಡಿ’ ಅನ್ನಬೇಕು, ಬಾಯಲ್ಲಿ ಅದನ್ನಿಟ್ಟುಕೊಂಡು ಹೇಗೆ? ಎರಡನೆಯದು ದುಡ್ಡು.
— ಹಾವೇರಿ ಜಿಲ್ಲೆ

ಮೇಷ್ಟ್ರೇ, ಗಾರ್ಡಿನ ಮೇಲೆ ಬಂದಿರುವ ಬರಹಗಳು ಹೆಚ್ಚಾಗಿ ರಗ್ಬಿ, ಬಾಕ್ಸಿಂಗ್‌ನಂಥ ಆಟಗಳ ಸುತ್ತಲೇ ಇವೆ. ಅಲ್ಲಿ ಯಾರೂ ಏಟು ತಿನ್ನುವ ಹೊತ್ತಿನಲ್ಲಿ ಜಪ ಮಾಡಬೇಕಾಗಿಲ್ಲ. ನಿಮ್ಮ ಪ್ರಶ್ನೆ ನಮ್ಮ ನೆಲದ್ದು.

ಮಾತು ತೊದಲುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಗಾರ್ಡ್ ಸಡಿಲವಾಗಿದ್ದು ನಾಲಗೆ ಅದನ್ನು ಹಿಡಿದಿಡುವ ಕೆಲಸದಲ್ಲಿ ತೊಡಗುತ್ತದೆ. ಎರಡು, ಅಂಗುಳಿನ ಕಡೆಯ ಅಂಚು ಅಗತ್ಯಕ್ಕಿಂತ ಉದ್ದವಿರುತ್ತದೆ. ಅಚ್ಚು ತೆಗೆದು ಮಾಡಿದ್ದಾದರೆ ಅಂಗುಳಿನ ಕಡೆ ವಸಡಿನ ಅಂಚಿನಿಂದ ಸ್ವಲ್ಪವೇ ಮೇಲಕ್ಕೆ ಕತ್ತರಿಸಿ ನುಣುಪು ಮಾಡಿಕೊಡಲು ಹೇಳಿ. ‘ಕ’ ಹುಟ್ಟುವುದು ನಾಲಗೆಯ ಹಿಂಭಾಗದಲ್ಲಿ, ‘ಬ’ ತುಟಿಯಲ್ಲಿ. ಅವೆರಡಕ್ಕೆ ಗಾರ್ಡ್ ಅಡ್ಡ ಬರುವುದು ಕಡಿಮೆ. ತೊಡಕು ‘ಡ್ಡಿ’ಯಲ್ಲಿ, ನಾಲಗೆಯ ತುದಿ ಅಂಗುಳಿಗೆ ತಾಗಬೇಕಾದ ಕಡೆ. ಹದಿನೈದು ದಿನ ಬರೀ ಅಭ್ಯಾಸದಲ್ಲಿ ಹಾಕಿಸಿ, ಓಡುತ್ತಾ ಕೂಗಿಸಿ. ಬಹುತೇಕ ಹುಡುಗರ ನಾಲಗೆ ಅಷ್ಟರಲ್ಲಿ ಒಗ್ಗಿಕೊಳ್ಳುತ್ತದೆ. ಕೂಗು ಅಂಪೈರಿಗೆ ಸ್ಪಷ್ಟ ಕೇಳಬೇಕು ಎನ್ನುವುದು ಆಟದ ನಿಯಮ, ಆದ್ದರಿಂದ ಕೂಟಕ್ಕೆ ಮೊದಲೇ ಅವರಿಗೆ ಗಾರ್ಡ್ ತೋರಿಸಿ ಒಪ್ಪಿಗೆ ಪಡೆಯಿರಿ. ಅಷ್ಟಾಗಿಯೂ ಒಗ್ಗದ ಹುಡುಗನಿಗೆ ಪಂದ್ಯದಲ್ಲಿ ಬಲವಂತ ಮಾಡಬೇಡಿ, ಅಭ್ಯಾಸದಲ್ಲಿ ಬಿಡಬೇಡಿ. ವರ್ಷಕ್ಕೆ ಆಡುವ ಪಂದ್ಯ ಎಷ್ಟು, ಅಭ್ಯಾಸದ ಸಂಜೆಗಳು ಎಷ್ಟು ಎಂದು ನೀವೇ ಲೆಕ್ಕ ಹಾಕಿ.

ದುಡ್ಡಿನ ವಿಷಯ. ಇಡೀ ಶಾಲೆಗೆ ಬೇಡ, ತಂಡದ ಹುಡುಗರಿಗೆ ಸಾಕು. ಡೆಂಟಲ್ ಕಾಲೇಜುಗಳಿಗೆ ನಮ್ಮ ರಾಜ್ಯದಲ್ಲಿ ಬರವಿಲ್ಲ. ಅವು ಶಾಲೆಗಳಲ್ಲಿ ತಪಾಸಣಾ ಶಿಬಿರ ನಡೆಸುತ್ತಲೇ ಇರುತ್ತವೆ. ನಿಮಗೆ ಧಾರವಾಡ, ದಾವಣಗೆರೆ ಎರಡೂ ದೂರವಲ್ಲ. ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಅಲ್ಲಿನ ಮಕ್ಕಳ ದಂತವಿಭಾಗಕ್ಕೆ ಒಂದು ಪತ್ರ ಬರೆಯಿರಿ, ತಪಾಸಣೆ ಬೇಡ, ತಂಡಕ್ಕೆ ಗಾರ್ಡ್ ಮಾಡಿಕೊಡಿ ಎಂದು ನೇರವಾಗಿ ಕೇಳಿ. ಅಚ್ಚು ತೆಗೆಯುವುದು, ಗಾರ್ಡ್ ಇಳಿಸುವುದು ಅಲ್ಲಿನ ವಿದ್ಯಾರ್ಥಿಗಳಿಗೂ ಕಲಿಕೆಯೇ. ಅದೂ ಆಗದಿದ್ದರೆ ಬಿಸಿನೀರಿನ ಬಗೆಯದನ್ನು ದಾನಿಗಳಿಂದ ಕೊಡಿಸಿ. ಟ್ರ್ಯಾಕ್‌ಸೂಟ್ ಕೊಡಿಸುವ ಹಳೆ ವಿದ್ಯಾರ್ಥಿಗಳು ಇದನ್ನೂ ಕೊಡಿಸಬಲ್ಲರು. ಬೆನ್ನ ಮೇಲೆ ಅವರ ಅಂಗಡಿಯ ಹೆಸರು ಬರೆಸಲು ಜಾಗ ಇರುವುದಿಲ್ಲ, ಅಷ್ಟೇ.

ಹದಿಮೂರರ ಮಗಳಿಗೆ ಹಲ್ಲಿಗೆ ಕ್ಲಿಪ್ ಹಾಕಿಸಿದ್ದೇವೆ. ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ. ಕ್ಲಿಪ್ ಬಿಚ್ಚುವವರೆಗೆ ಆಟ ನಿಲ್ಲಿಸಬೇಕೆ?
— ಬೆಂಗಳೂರು

ಬೇಡ. ಆಟ ನಡೆಯಲಿ, ಗಾರ್ಡ್ ಇರಲಿ. ಕ್ಲಿಪ್ ಇದ್ದವರಿಗೆ ಅದು ಇನ್ನೂ ಅಗತ್ಯ. ಎದುರಾಳಿಯ ಮೊಣಕೈ ತಾಗಿದರೆ ತಂತಿಯೇ ತುಟಿಯನ್ನು ಸೀಳುತ್ತದೆ. ಬಿಸಿನೀರಿನ ಸಾಮಾನ್ಯ ಗಾರ್ಡ್ ಬೇಡ, ಅದು ಬ್ರಾಕೆಟ್ಟಿಗೆ ಅಂಟಿಕೊಂಡು ತೆಗೆಯುವಾಗ ಅದನ್ನೇ ಕಿತ್ತುಕೊಂಡು ಬರಬಹುದು. ಕ್ಲಿಪ್ ಹಾಕಿದ ವೈದ್ಯರನ್ನೇ ಕೇಳಿ, ಬ್ರಾಕೆಟ್ಟಿಗೆ ಜಾಗ ಬಿಟ್ಟ, ಹಲ್ಲು ಸರಿಯಲು ಅವಕಾಶವಿರುವ ಬಗೆ ಸಿಗುತ್ತದೆ. ಕೆಳಗಿನ ಹಲ್ಲಿಗೂ ಕ್ಲಿಪ್ ಇದ್ದರೆ ಅದಕ್ಕೂ ರಕ್ಷಣೆ ಬೇಕು. ಮುಂದೆ ಕ್ಲಿಪ್ ಬಿಚ್ಚಿ ತೆಗೆದುಹಾಕುವ ಪ್ಲೇಟ್ ಕೊಟ್ಟರೆ, ಆಡುವಾಗ ಅದು ಬಾಯಲ್ಲಿರಬಾರದು.

ಗಾರ್ಡ್ ವಾಸನೆ ಬರುತ್ತದೆ. ಬಿಸಿನೀರಲ್ಲಿ ಕುದಿಸಬಹುದೆ?
— ತುಮಕೂರು

ಕುದಿಸಿದರೆ ಆಕಾರ ಹೋಗುತ್ತದೆ. ಆಟ ಮುಗಿದ ಕೂಡಲೇ ತಣ್ಣೀರಿನಲ್ಲಿ ತೊಳೆದು, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ತೂತುಗಳಿರುವ ಡಬ್ಬಿಯಲ್ಲಿಡಿ. ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳುವ, ಬಿಸಿಲಿನ ಕಾರಿನಲ್ಲಿ ಬಿಡುವ ಅಭ್ಯಾಸ ತಪ್ಪಿಸಿ. ಒಬ್ಬರದ್ದು ಇನ್ನೊಬ್ಬರಿಗೆ ಕೊಡಬಾರದು, ಅಣ್ಣನದ್ದು ತಮ್ಮನಿಗೂ ಆಗದು. ಗಾರ್ಡ್ ಬಾಯಲ್ಲಿದ್ದಾಗ ಕುಡಿಯುವುದು ನೀರು ಮಾತ್ರ. ಸಿಹಿ ಪಾನೀಯ ಅದರಡಿ ಸಿಕ್ಕಿಕೊಂಡರೆ ಹಲ್ಲು ಅದರಲ್ಲೇ ನೆನೆಯುತ್ತದೆ.

ಮೌತ್‌ಗಾರ್ಡ್ ತಲೆಯ ಪೆಟ್ಟನ್ನೂ ತಡೆಯುತ್ತದೆ ಎಂದು ಜಾಹೀರಾತಿನಲ್ಲಿ ನೋಡಿದೆ. ನಿಜವೇ?
— ಮಂಗಳೂರು

ಹಲ್ಲಿನ ವಿಷಯದಲ್ಲಿ ಇರುವಷ್ಟು ಗಟ್ಟಿ ಆಧಾರ ಮಿದುಳಿನ ವಿಷಯದಲ್ಲಿ ಇಲ್ಲ. ಅದನ್ನು ನಂಬಿ ಕೊಳ್ಳಬೇಡಿ. ತಲೆಗೆ ಏಟು ಬಿದ್ದ ಮಗು ಗಾರ್ಡ್ ಹಾಕಿದ್ದರೂ ಆ ದಿನ ಮತ್ತೆ ಮೈದಾನಕ್ಕೆ ಇಳಿಯಬಾರದು. ವೈದ್ಯರಿಗೆ ತೋರಿಸಿ.

ಮೊಮ್ಮಗನಿಗೆ ಹನ್ನೊಂದು ವರ್ಷ. ಟೆನಿಸ್ ಬಾಲ್ ಕ್ರಿಕೆಟ್ ಆಡುವಾಗ ಹಿಂದೆ ನಿಂತವನಿಗೆ ಬ್ಯಾಟ್ ಬೀಸಿ ಬಡಿದು ಮುಂದಿನ ಹಲ್ಲು ಬೇರು ಸಮೇತ ಕಿತ್ತುಬಂತು. ಹಾಲುಹಲ್ಲು ಇರಬೇಕೆಂದು ನಮ್ಮ ಮನೆಯವರು ಸಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆದರು. ಮರುದಿನ ಡಾಕ್ಟರು ‘ಹಲ್ಲು ತಂದಿದ್ದರೆ ಕೂರಿಸಬಹುದಿತ್ತು’ ಅಂದರು. ಇದು ಹೌದೇ? ಈಗೇನು ಮಾಡುವುದು?
— ನಿವೃತ್ತ ಅಂಚೆ ನೌಕರರು, ತೀರ್ಥಹಳ್ಳಿ

ಹೌದು ಹಿರಿಯರೇ, ಕೂರಿಸಬಹುದು. ಮನೆಯವರನ್ನು ದೂರಬೇಡಿ, ಹಲ್ಲು ಬಿದ್ದರೆ ಮಾಡಿಗೆ ಎಸೆಯುವುದನ್ನೇ ನಾವೆಲ್ಲ ಕಂಡಿರುವುದು. ಗುರುತು ಹಿಡಿಯುವುದು ಹೀಗೆ: ಮುಂಭಾಗದ ಹಾಲುಹಲ್ಲುಗಳು ಆರರಿಂದ ಎಂಟರೊಳಗೆ ಉದುರಿ ಮುಗಿಯುತ್ತವೆ, ತಾನಾಗಿ ಉದುರಿದ ಹಾಲುಹಲ್ಲಿಗೆ ಬೇರು ಇದ್ದೂ ಇಲ್ಲದಂತೆ ಇರುತ್ತದೆ. ಹನ್ನೊಂದರಲ್ಲಿ ಉದ್ದ ಬೇರಿನೊಡನೆ ಬಂದದ್ದು ಶಾಶ್ವತ ಹಲ್ಲೇ.

ಅಂಥ ಹಲ್ಲನ್ನು ಬಿಳಿಯ ಭಾಗದಲ್ಲಿ ಹಿಡಿದು ಎತ್ತಬೇಕು, ಬೇರನ್ನು ಮುಟ್ಟಬಾರದು. ಬೇರಿನ ಮೈಮೇಲೆ ಕಣ್ಣಿಗೆ ಕಾಣದ ಜೀವಂತ ಪದರವಿದೆ, ಹಲ್ಲು ಮತ್ತೆ ಮೂಳೆಗೆ ಹಿಡಿದುಕೊಳ್ಳುವುದು ಅದರಿಂದಲೇ. ಮಣ್ಣಾಗಿದ್ದರೆ ಹಾಲಿನಲ್ಲೋ ಸಲೈನಿನಲ್ಲೋ ಕೆಲವು ಸೆಕೆಂಡು ಅಲ್ಲಾಡಿಸಿ ತೊಳೆಯಿರಿ. ಉಜ್ಜುವುದು, ಸ್ಪಿರಿಟ್, ಡೆಟಾಲ್ ಯಾವುದೂ ಬೇಡ. ಮಗು ಸಮಾಧಾನವಾಗಿದ್ದರೆ ಅಲ್ಲಿಯೇ ಅದರ ಗುಳಿಯೊಳಗೆ ನಿಧಾನವಾಗಿ ಕೂರಿಸಿ, ಸ್ವಚ್ಛ ಕರವಸ್ತ್ರ ಕಚ್ಚಿಸಿ, ದಂತವೈದ್ಯರ ಬಳಿ ಓಡಿ. ಧೈರ್ಯ ಬರದಿದ್ದರೆ ತಣ್ಣಗಿನ ಹಾಲಿನಲ್ಲಿ ಹಾಕಿಕೊಂಡು ಹೋಗಿ. ಮೂಲೆಯಂಗಡಿಯ ನಂದಿನಿ ಪ್ಯಾಕೆಟ್ ಸಾಕು. ಹಾಲಿಲ್ಲದಿದ್ದರೆ ಮಗುವಿನ ಉಗುಳನ್ನೇ ಲೋಟದಲ್ಲಿ ಹಿಡಿದು ಅದರಲ್ಲಿಡಿ. ಎಳನೀರು ಆಗುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. ಪ್ರಯೋಗಾಲಯದ ಕೆಲವು ಪರೀಕ್ಷೆಗಳಲ್ಲಿ ಅದು ಚೆನ್ನಾಗಿಯೇ ನಡೆದಿದೆ, ಆದರೆ ಅದರಲ್ಲಿ ಹುಳಿಯ ಅಂಶ ತುಸು ಹೆಚ್ಚು. ಹಾಲು ಸಿಗುವಾಗ ಎಳನೀರು ಹುಡುಕಬೇಡಿ. ನೀರಿನಲ್ಲಿಡುವುದು ಒಳ್ಳೆಯದಲ್ಲ, ಆದರೂ ಒಣಗಲು ಬಿಡುವುದಕ್ಕಿಂತ ಮೇಲು. ಕಾಗದದಲ್ಲಿ ಸುತ್ತಿ ಜೇಬಿನಲ್ಲಿಡುವುದು ಮಾತ್ರ ಖಂಡಿತ ಬೇಡ. ಒಣಗಿದ ಹಲ್ಲಿನ ಆ ಪದರ ಒಂದು ಗಂಟೆಯಲ್ಲಿ ಹೆಚ್ಚುಕಡಿಮೆ ಪೂರ್ತಿ ಸಾಯುತ್ತದೆ. ನಿಜವಾದ ಹಾಲುಹಲ್ಲು ಏಟಿಗೆ ಕಿತ್ತುಬಂದರೆ ಅದನ್ನು ಮತ್ತೆ ಕೂರಿಸಬಾರದು, ಅಡಿಯಲ್ಲಿ ಬೆಳೆಯುತ್ತಿರುವ ಹಲ್ಲಿಗೆ ಹಾನಿ.

ಈಗ ಮೊಮ್ಮಗನಿಗೆ ಮಾಡಬೇಕಾದದ್ದು: ಮಕ್ಕಳ ದಂತವೈದ್ಯರಿಗೆ ತೋರಿಸಿ, ಅಕ್ಕಪಕ್ಕದ ಹಲ್ಲುಗಳ ಎಕ್ಸ್‌ರೇ ತೆಗೆಸಿ, ಅವಕ್ಕೂ ಏಟು ತಾಗಿರುವ ಸಾಧ್ಯತೆ ಇದೆ. ಖಾಲಿ ಜಾಗ ಮುಚ್ಚಿಹೋಗದಂತೆ ಸದ್ಯಕ್ಕೆ ಒಂದು ಹಲ್ಲು ಕಟ್ಟಿಸಿ. ಉಳಿದದ್ದು ಅವನು ಬೆಳೆದ ಮೇಲೆ.

ತಂದೆತಾಯಿಗಳಲ್ಲಿ, ಪಿಟಿ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಶಾಲೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಮುಚ್ಚಳದ ಮೇಲೆ ‘ಕಿತ್ತುಬಂದ ಹಲ್ಲು: ಬೇರು ಮುಟ್ಟಬೇಡಿ, ಹಾಲಿನಲ್ಲಿ ಹಾಕಿ’ ಎಂದು ದಪ್ಪ ಅಕ್ಷರದಲ್ಲಿ ಬರೆದು, ಅದರ ಕೆಳಗೆ ಹತ್ತಿರದ ದಂತವೈದ್ಯರ ಫೋನ್ ನಂಬರ್ ಅಂಟಿಸಿ. ಈ ವಾರವೇ ಮಾಡಿ.